ನಾನು ಬದಲಿಸಿದ ಚೀಟಿಗಳು

ಸಿದ್ದಾಪುರದಲ್ಲಿ ಒಮ್ಮೆ ಒಂದು ಸಂಶೋಧನೆ ನಡೆದಿತ್ತು. ಅದನ್ನು ಕೆಡಿಸಿದವನು ನಾನು. ಇದನ್ನು ಕೆಲವರ ಹತ್ತಿರ ಅರ್ಧ ಹೇಳಿ, ಉಳಿದರ್ಧಕ್ಕೆ ನಗು ಸೇರಿಸಿ ಮುಗಿಸಿದ್ದುಂಟು. ಈಗ ಪೂರ್ತಿ ಹೇಳಿಬಿಡುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹೈಸ್ಕೂಲಿನವರೆಗೆ ಓದಿದವನು, ವಯಸ್ಸು ನಲವತ್ತು ದಾಟಿತ್ತು. ಪೇಟೆಯ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ಅದಕ್ಕಿಂತ ಹೆಚ್ಚಿನ ಹೆಸರು ನನಗಿದ್ದದ್ದು ಊಟಕ್ಕೆ ಬಡಿಸುವುದರಲ್ಲಿ. ಸುತ್ತಿನ ಊರುಗಳಲ್ಲಿ ಮದುವೆ, ಉಪನಯನ ಏನೇ ಇರಲಿ, ಪಾಯಸದ ಬಕೆಟ್ಟು ನನ್ನ ಕೈಗೇ ಬರುತ್ತಿತ್ತು. ಒಂದೇ ಪಂಕ್ತಿಯಲ್ಲಿ ಕೂತವರಿಗೆ ಒಬ್ಬನಿಗೊಂದು, ಇನ್ನೊಬ್ಬನಿಗೊಂದು ಬಡಿಸಬಾರದು, ಪಂಕ್ತಿಭೇದದಂಥ ಪಾಪ ಇನ್ನೊಂದಿಲ್ಲ ಎಂದು ಅಪ್ಪ ನನ್ನ ಕೈಗೆ ಸೌಟು ಕೊಡುವ ಮೊದಲೇ ಕಲಿಸಿದ್ದ.

ಆಗ ಬಂದಳು ಒಬ್ಬ ಹುಡುಗಿ. ಧಾರವಾಡದ ಕಡೆಯವಳು, ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಡಬ್ಬಿಯಲ್ಲಿ ಒಂದು ಹೊಸ ನಮೂನೆಯ ಹಾಳೆ ಇತ್ತು. ಒಣಗಲು ಹಾಕುವ ಮೊದಲಿನ ಹಲಸಿನ ಹಪ್ಪಳದ ಹಾಗೆ ಮೆತ್ತಗೆ, ತಣ್ಣಗೆ. ಅವರ ಕಾಲೇಜಿನ ಪ್ರಯೋಗಶಾಲೆಯಲ್ಲಿ ತಯಾರಾದದ್ದಂತೆ. ಕಾಲಿನ ಗಾಯದ ಮೇಲೆ ಅದನ್ನು ಹಾಕಿದರೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದ್ದಕ್ಕಿಂತ ಬೇಗ ಒಣಗುತ್ತದೆಯೋ ಇಲ್ಲವೋ, ಅದನ್ನು ನೋಡಬೇಕಿತ್ತು. ಡಾಕ್ಟರು ಒಪ್ಪಿದರು. ರೋಗಿಗಳಿಗೂ ಮೊದಲೇ ಎಲ್ಲ ಹೇಳಿ ಸಹಿ ಪಡೆಯುತ್ತಿದ್ದೆವು.

ಅಳೆಯುವ ಕ್ರಮ ನನಗೆ ಬಹಳ ಹಿಡಿಸಿತು. ಗಾಯದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕು ಇಟ್ಟು ಅಂಚನ್ನು ಪೆನ್ನಿನಲ್ಲಿ ಬರೆಯುವುದು, ಆಮೇಲೆ ಅದನ್ನು ಗ್ರಾಫ್ ಕಾಗದದ ಮೇಲಿಟ್ಟು ಚೌಕಗಳನ್ನು ಎಣಿಸುವುದು. ಶಾಲೆಯಲ್ಲಿ ಗ್ರಾಫ್ ಕಂಡರೆ ಹೊಟ್ಟೆನೋವು ಬರುತ್ತಿದ್ದ ನಾನು ಪ್ರತಿ ಬುಧವಾರ ಕಾಲುಗಳಿಗಾಗಿ ಕಾದು ಕೂರುತ್ತಿದ್ದೆ.

ತಕರಾರು ಇದ್ದದ್ದು ಲಕೋಟೆಗಳಲ್ಲಿ. ನಂಬರು ಹಾಕಿದ ಲಕೋಟೆಗಳ ಒಂದು ಕಟ್ಟು. ಪ್ರತಿಯೊಂದರ ಒಳಗೂ ಒಂದು ಚೀಟಿ, ಅದರಲ್ಲಿ ‘ಹಾಳೆ’ ಅಥವಾ ‘ಪಟ್ಟಿ’.

"ಕಾಕಾ, ನಂಬರ್ ಪ್ರಕಾರನ ಒಡೀರಿ, ಪೇಷಂಟ್ ಮುಂದನ ಒಡೀರಿ" ಎಂದಳು. "ಯಾರಿಗೆ ಯಾವುದು ಅಂತ ನಾನೂ ಹೇಳೂದಿಲ್ಲ, ನೀವೂ ಹೇಳೂದಿಲ್ಲ. ಕಂಪ್ಯೂಟರ್ ಹೇಳೇದ."

"ಕಂಪ್ಯೂಟರಿಗೆ ಗಾಯ ಕಾಣ್ತದಾ ತಂಗೀ?"

"ಕಾಣೂದಿಲ್ಲ. ಅದಕ್ಕ ಅದು ಹೇಳಬೇಕು."

ನಾನು ನಕ್ಕೆ. ಈಗ ಯೋಚಿಸಿದರೆ ಇಡೀ ಸಂಶೋಧನೆ ಆ ಒಂದು ಮಾತಿನಲ್ಲಿತ್ತು. ಯಾವ ನಂಬರಿಗೆ ಯಾವುದೆಂದು ಕಂಪ್ಯೂಟರು ಕೊಟ್ಟ ಮೂಲ ಯಾದಿ ಅವರ ಕಾಲೇಜಿನ ಗಣಿತದ ಪ್ರಾಧ್ಯಾಪಕರ ಕಪಾಟಿನಲ್ಲಿ, ಬೀಗದೊಳಗೆ ಇತ್ತು. ಎಲ್ಲ ಮುಗಿದ ಮೇಲೆ ಅದನ್ನು ತೆಗೆದು ತಾಳೆ ನೋಡುತ್ತಾರೆ ಎಂದು ಅವಳು ಹೇಳಿದ್ದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಬರುತ್ತಿದ್ದದ್ದು ಅಳೆಯುವ ಬುಧವಾರ ಮಾತ್ರ, ಉಳಿದ ದಿನ ಲಕೋಟೆಗಳು ನನ್ನ ಕೈಯಲ್ಲೇ. ಮೊದಲ ಕೆಲವು ವಾರ ನೆಟ್ಟಗೇ ನಡೆಯಿತು. ಆಮೇಲೆ ಕೋಲಸಿರ್ಸಿಯಿಂದ ಇಬ್ಬರು ಬಂದರು, ಒಬ್ಬರಿಗೊಬ್ಬರು ಭಾವಂದಿರು. ಮದುವೆ ಊಟ ಮುಗಿಸಿ ಬರುವಾಗ ಸ್ಕೂಟರು ಜಲ್ಲಿಯ ಮೇಲೆ ಜಾರಿ, ಇಬ್ಬರ ಮೊಣಕಾಲ ಕೆಳಗೂ ಚರ್ಮ ಕಿತ್ತುಹೋಗಿತ್ತು. ಆ ಮದುವೆಯಲ್ಲಿ ಪಾಯಸ ಬಡಿಸಿದವನು ನಾನೇ. ಬೆಂಚಿನ ಮೇಲೆ ಒಬ್ಬರ ಪಕ್ಕ ಒಬ್ಬರು ಕಾಲು ಚಾಚಿ ಕೂತರು. ಒಂದು ಲಕೋಟೆ ಒಡೆದೆ: ದೊಡ್ಡ ಭಾವನಿಗೆ ಹಾಳೆ. ಇನ್ನೊಂದು ಒಡೆದೆ: ಸಣ್ಣವನಿಗೆ ಪಟ್ಟಿ.

"ಎಂತದು ಮಾರಾಯಾ, ಭಾವಂಗೆ ಹೋಳಿಗೆ, ಯಂಗೆ ಬರೀ ಮಜ್ಜಿಗೆಯಾ?" ಎಂದ ಸಣ್ಣವ. "ಬಡಿಸವ ನೀನೇ ಆಗಿ ಹಿಂಗೆ ಮಾಡಿರೆ ಹ್ಯಾಂಗೆ?"

"ಅಳಡ ಭಾವ" ಎಂದು ಸಮಾಧಾನ ಮಾಡಿದ ದೊಡ್ಡವ. "ಯನ್ನ ಹಾಳೆ ಹಳತಾದ ಮೇಲೆ ತೊಳದು ನಿಂಗೇ ಕೊಡ್ತಿ."

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನನ್ನ ಮುಖ ಬಿಸಿಯಾಯಿತು. "ತಡಿ, ತಪ್ಪಿ ಬೇರೆದು ಒಡೆದೆ" ಎಂದು ಒಳಗೆ ಹೋದೆ. ಮುಂದಿನ ಲಕೋಟೆಗಳನ್ನು ಒಡೆಯುತ್ತ ಹೋಗಿ, ಹಾಳೆ ಎಂದಿದ್ದ ಚೀಟಿ ಸಿಕ್ಕಿದ ಕೂಡಲೇ ಅದನ್ನು ಸಣ್ಣವನ ಲಕೋಟೆಗೆ ಹಾಕಿ, ಅವನ ಚೀಟಿಯನ್ನು ಆ ಲಕೋಟೆಯೊಳಗೆ ಇಟ್ಟೆ. ಒಡೆದದ್ದನ್ನೆಲ್ಲ ಅನ್ನದ ಅಗುಳು ತಿಕ್ಕಿ ಅಂಟಿಸಿದೆ. ಇಬ್ಬರೂ ಹಾಳೆ ಹಾಕಿಸಿಕೊಂಡು ಸಂತೋಷದಿಂದ ಕುಂಟುತ್ತ ಹೋದರು.

ಒಮ್ಮೆ ಮಾಡಿದ ಮೇಲೆ ಎರಡನೆಯದು ಸುಲಭ. ಸಿರಿಂಜು ಕುದಿಸುವ ಪಾತ್ರೆಯ ಹಬೆಗೆ ಹಿಡಿದರೆ ಲಕೋಟೆ ಹರಿಯದೆ ಬಿಚ್ಚಿಕೊಳ್ಳುತ್ತದೆ ಎಂದು ಕಂಡುಕೊಂಡೆ. ಇದೂ ಒಂದು ಸಂಶೋಧನೆಯೇ. ಡಾಕ್ಟರು ಬರುವ ಮೊದಲು ನಾಲ್ಕಾರು ಲಕೋಟೆ ಬಿಚ್ಚಿ, ಬೆಂಚಿನಲ್ಲಿ ಯಾರು ಬಂದು ಕೂತಿದ್ದಾರೆಂದು ನೋಡಿ, ಚೀಟಿ ಜೋಡಿಸಿ ಅಂಟಿಸಿಡುತ್ತಿದ್ದೆ. ಆಮೇಲೆ ರೋಗಿಯ ಮುಂದೆ ಗಂಭೀರವಾಗಿ ಒಡೆಯುತ್ತಿದ್ದೆ.

ಬಿಳಗಿಯ ಕಡೆಯ ಒಬ್ಬ ಹೆಂಗಸು ಬರುತ್ತಿದ್ದಳು. ಗದ್ದೆ ಕೆಲಸದವಳು, ವರ್ಷದಿಂದ ಮಾಯದ ಗಾಯ. "ಇದು ನನ್ನ ಜೊತೆಗೇ ಹೋಗೂದು ಬಿಡಿ" ಎಂದು ನಗುತ್ತಿದ್ದಳು. ಅವಳಿಗೆ ಹಾಳೆ ಸಿಗದಿದ್ದರೆ ಇನ್ಯಾರಿಗೆ? ಹೀಗೆ ದೊಡ್ಡ ಗಾಯಗಳೆಲ್ಲ ಹಾಳೆಗೆ, ಸಣ್ಣ ಪುಟ್ಟವು ಪಟ್ಟಿಗೆ ಬಂದವು. "ನಿನ್ನ ಕೈಗುಣ ದೊಡ್ಡದು" ಎಂದರು ಜನ. ಬಾಳೆಗೊನೆ ಬಂತು, ಹುಳಿಗೆ ಹಾಕುವ ಮೊಗೆಕಾಯಿ ಬಂತು. ನ್ಯಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹಾಳೆಯ ಡಬ್ಬಿ ಕೈಯಲ್ಲಿದ್ದಾಗ ಬೆಂಚಿನ ತುಂಬಾ ಜನ ನನ್ನ ಮುಖ ನೋಡುತ್ತಾರಲ್ಲ, ಅದರ ರುಚಿ ಹತ್ತಿತ್ತು.

ಕೆಲಸ ಮುಗಿಸಿ ಅವಳು ಕಾಗದಗಳನ್ನೆಲ್ಲ ಕಟ್ಟಿಕೊಂಡು ಹೋದಳು. ಎರಡು ತಿಂಗಳಿಗೆ ಫೋನ್ ಬಂತು.

"ಕಾಕಾ, ಹಾಳಿ ಹಾಕ್ಕೊಂಡವರ ಗಾಯನ ತಡಾ ಮಾಯ್ದಾವು. ಹೋಗ್ಲಿ ಬಿಡ್ರಿ, ಅದು ಹಂಗ ಇದ್ರ ಹಂಗ ಬರೀತೀನಿ. ಆದ್ರ ಕಪಾಟಿನ್ಯಾಗಿನ ಯಾದಿಗೂ ಚೀಟಿಗೂ ತಾಳಿ ಆಗವಲ್ದು. ಚೀಟಿ ತುಂಬಿದಾಕಿ ನಾನ. ನಾನ ಬದಲಿಸೇನಿ ಅಂತಾರ ನಮ್ಮ ಗೈಡು. ಡಿಗ್ರಿ ಹೋದ್ರ ಹೋಗ್ಲಿ, ಕಳ್ಳಿ ಅನ್ನಿಸ್ಕೊಂಡು ಮನೀಗೆ ಹೆಂಗ ಹೋಗ್ಲಿ?"

"ನಂಬರಿನ ಪ್ರಕಾರವೇ ಒಡೆದದ್ದು ತಂಗೀ" ಎಂದೆ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಆ ದಿನ ಸಮಾಧಾನ ಮಾಡಿಕೊಂಡೆ. ಇಂಥ ಸಮಾಧಾನಕ್ಕೆ ನರಕದಲ್ಲಿ ಬೇರೆಯೇ ಕೋಣೆ ಇರಬೇಕು.

ಮರುವಾರ ಅವಳೇ ಬಂದಳು, ರೋಗಿಗಳ ಮನೆಗೆ ಹೋಗಿ ಯಾರಿಗೆ ಏನು ಹಾಕಿದ್ದೆಂದು ಕೇಳುವುದಕ್ಕೆ. ಡಾಕ್ಟರು ನನ್ನನ್ನೇ ಜೊತೆಗೆ ಕಳಿಸಿದರು. ಬಸ್ಸಿನಲ್ಲಿ ಕೋಲಸಿರ್ಸಿಗೆ ಹೋಗುವಾಗ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದು ಮೂರು ಸಲವೂ ಬೇರೆ ಏನೋ ಮಾತಾಡಿದೆ. ಒಮ್ಮೆ ಬತ್ತದ ತಳಿಯ ಬಗ್ಗೆ.

ಭಾವಂದಿರು ಸಂಭ್ರಮದಿಂದ ಬರಮಾಡಿಕೊಂಡರು. ಸಣ್ಣವನು ಪಂಚೆ ಎತ್ತಿ ಕಲೆ ತೋರಿಸಿದ. "ಯಂಗೆ ಮೊದಲು ಪಟ್ಟಿ ಹೇಳಿ ಬಂದಿತ್ತು ತಂಗಿ. ಇಂವ ಒಳಗೆ ಹೋಗಿ ಬದಲಿಸಿ ತಂದ. ಎಷ್ಟು ಒಳ್ಳೇ ಜನ ನೋಡು!"

ಅವನು ನನ್ನ ಬೆನ್ನು ತಟ್ಟಿದ. ಅವಳು ನನ್ನನ್ನು ನೋಡಲಿಲ್ಲ. ಕೊಟ್ಟ ಪಾನಕ ಪೂರ್ತಿ ಕುಡಿದು, ಲೋಟ ಇಟ್ಟು, "ಬರ್ತೇವ್ರಿ" ಎಂದಳು.

ಬಸ್ಸಿಗೆ ಕಾಯುವಾಗ ಎಲ್ಲ ಹೇಳಿದೆ. ಹಬೆ, ಅಗುಳು, ಪಂಕ್ತಿಭೇದ, ಬಿಳಗಿಯ ಹೆಂಗಸು. ಅವಳು ಚೀಲದಿಂದ ಬಿಳಿ ಕಾಗದ ತೆಗೆದು, "ಬರದ ಕೊಡ್ರಿ" ಎಂದಳು. ಮೋರಿಯ ಕಟ್ಟೆಯ ಮೇಲೆ ಕೂತು ಬರೆದೆ. ಒಂದೂವರೆ ಪುಟವಾಯಿತು. ಓದಿ ಅವಳು ಪೆನ್ನು ತೆಗೆದುಕೊಂಡು ಅಡ್ಡಗೆರೆ ಎಳೆಯುತ್ತ ಹೋದಳು. ಪಂಕ್ತಿಭೇದ ಹೋಯಿತು, ಕರುಣೆ ಹೋಯಿತು, ಅಪ್ಪನ ಮಾತು ಹೋಯಿತು.

"ಕಾಕಾ, ಊಟದ ಪಂಕ್ತಿಯೊಳಗ ಅಡಗಿ ಎಲ್ಲಾರಿಗೂ ಸಾಲೂವಷ್ಟು ಇರ್ತದ. ಇಲ್ಲಿ ಒಬ್ಬರ ಚೀಟಿ ತಗದ ಇನ್ನೊಬ್ಬರಿಗೆ ಕೊಟ್ಟೀರಿ. ಯಾರ‍್ದು ತಗದ್ರಿ, ಅದನ್ನ ಬರೀರಿ."

ಅದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಹಾಳೆ ಸಿಕ್ಕವರ ಹೆಸರುಗಳು ಒಂದರ ಹಿಂದೊಂದು ನಾಲಿಗೆಯ ತುದಿಯಲ್ಲಿದ್ದವು. ಕಳೆದುಕೊಂಡವರು? ಕೇಳದವರು, ಅಳದವರು, ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತವರು. ಪೇಟೆಯಲ್ಲಿ ಮೂಟೆ ಹೊರುವ ಒಬ್ಬ ಮುದುಕ ನೆನಪಾದ. ಇನ್ನಿಬ್ಬರು ನೆನಪಾದರು. ಅಷ್ಟೇ. ಉಳಿದದ್ದಕ್ಕೆ, ತಾಳೆಯಾಗದ ಲಕೋಟೆಗಳೆಂದು ಅವಳು ಹೇಳಿದ ಬರೀ ನಂಬರು ಬರೆದು ಸಹಿ ಹಾಕಿದೆ.

ಆ ಕಾಗದದಿಂದ ಅವಳ ಮೇಲಿನ ಅನುಮಾನ ಹೋಯಿತು. ಕೆಲಸ ಮಾತ್ರ ಪೂರ್ತಿ ಹೋಯಿತು. ಯಲ್ಲಾಪುರದಲ್ಲಿ ಮೊದಲಿನಿಂದ ಶುರು ಮಾಡಿದಳು. ಅಲ್ಲಿ ಪಟ್ಟಿ ಕಟ್ಟುವವನ ಕೈಗೆ ಲಕೋಟೆಯನ್ನೇ ಕೊಡಲಿಲ್ಲವಂತೆ. ಪ್ರತಿ ರೋಗಿಗೂ ಕಾಲೇಜಿಗೆ ಫೋನ್ ಮಾಡಿ ಕೇಳಬೇಕಿತ್ತಂತೆ. ಅವಳಿಗೆ ಎರಡು ವರ್ಷ ಹೆಚ್ಚಾಯಿತು.

ನಾನು ಬರೆದುಕೊಟ್ಟ ದಿನ ಸಂಜೆ ಡಾಕ್ಟರು ನನ್ನ ಮೇಲೆ ಕೂಗಾಡಿದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಮರುದಿನ ನಾನು ಆ ಮೂಟೆಯ ಮುದುಕನನ್ನು ಹುಡುಕಿಕೊಂಡು ಹೋದೆ. ಗೋಣಿಯ ರಾಶಿಗೆ ಒರಗಿ ಕೂತಿದ್ದ. ಅವನ ಪಾಲಿಗೆ ಬಂದಿದ್ದ ಹಾಳೆಯನ್ನು ಬೇರೆಯವರಿಗೆ ಹಾಕಿದ್ದನ್ನು ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, ಕಾಲು ಮುಂದೆ ಚಾಚಿದ. ಗಾಯ ಇನ್ನೂ ಒದ್ದೆಯಾಗಿತ್ತು.

"ಹಂಗಾರೆ ಈಗ ಕಟ್ಟಿ" ಎಂದ.