ಚರಿಗಿ ಬಾಯಿಲೆ ಒತ್ತಿದ ಎತ್ತು

ಮಸ್ಕಿಯ ಡ್ರಾಯಿಂಗ್ ಮಾಸ್ತರ ಗ್ಯಾನಪ್ಪಗ ಈ ಜಗತ್ತಿನಾಗ ಮೆಚ್ಚುವಂಥದ್ದು ಒಂದಽ ಇತ್ತು, ತನ್ನ ಕೈ. ಉಳಿದದ್ದೆಲ್ಲ ಕಸ. ಏನು ಠೀವಿ ಅಂತೀರಿ! ಕಾಲುವೆ ನೀರು ಬಂದ ಮ್ಯಾಲೆ ಊರ ಮಂದಿ ಬಾಯಾಗ ಭತ್ತ, ಗೊಬ್ಬರ ಬಿಟ್ಟು ಬ್ಯಾರೆ ಮಾತಿರಲಿಲ್ಲ. ಇಂಥವರಿಗೆ ಚಿತ್ರ ತೋರಿಸೋದಂದ್ರ ಕೋಣನ ಮುಂದ ಕಿನ್ನರಿ ಬಾರಿಸಿದಂಗ ಅಂತ ಮೂಗು ಮುರೀತಿದ್ದ. ಆದ್ರ ಅದಽ ಮಂದಿ ಒಮ್ಮೆರ ತನ್ನನ್ನ ವೇದಿಕೆಗೆ ಕರದು ಶಾಲು ಹೊದಿಸಲಿ ಅಂತ ಒಳಗೊಳಗ ಜೀವ ಬಿಡ್ತಿದ್ದ. ಸಿಂಧನೂರಿನ ರೈತರ ಪ್ರದರ್ಶನದಾಗ ಚಿತ್ರದ ಸ್ಪರ್ಧೆನೂ ಇರ್ತಿತ್ತು. ವರ್ಷಾ ಕಳಿಸ್ತಿದ್ದ, ವರ್ಷಾ ಬರಿಗೈಲೆ ಬರ್ತಿದ್ದ.

ಎತ್ತು ಸಿಂಗರಿಸೋ ಕಾರಹುಣ್ಣಿವಿ ಹಬ್ಬದ ಮರುದಿನ ಸಂಜಿಗೆ ಸ್ಪರ್ಧೆಗೆ ಚಿತ್ರ ಒಯ್ಯಾಕ ಮಂದಿ ಬರೋರಿದ್ರು. ಮುಂಜಾನಿಂದ ಕುಂತ್ರೂ ಒಂದು ಗೆರಿ ಮೂಡವಲ್ದು. ಕುಂಚ ಒಗದು ಅಂಗಳಕ್ಕ ಬಂದ. ಅಂಗಳ ಸಾರಿಸಾಕ ಬಂದಿದ್ದ ಬಸ್ಸಮ್ಮನ ಸೀರಿಗೆಲ್ಲ ಕೆಂಪು ಬಣ್ಣ ಹತ್ತಿತ್ತು.

"ಏನಬೇ ಇದು?"

"ನಿನ್ನಿ ಹಬ್ಬಕ್ಕ ನೀರಿನ ಚರಿಗಿ ಬಾಯಿ ಬಣ್ಣದಾಗ ಅದ್ದಿ ಎತ್ತಿನ ಮೈಗೆ ಒತ್ತಿದ್ನಲ್ರಿ, ಅದಽ. ಮೈ ತುಂಬ ಚಕ್ಕರ, ಭಾಳ ಚಂದ ಕಾಣಾಕತ್ತಿತ್ತುರಿ."

"ಹೌದೌದು, ಭಾರಿ ಕಲಾ ನಿಮ್ಮದು!" ಅಂತ ಗ್ಯಾನಪ್ಪ ಹಲ್ಲು ಕಿಸದ.

ಒಳಗ ಹೋದವನಽ, ಮಾಡಾಕ ಏನೂ ತೋಚದ, ಚರಿಗಿ ಬಾಯಿಗೆ ಕೆಂಪು ಮಸಿ ಸವರಿ ಹಾಳಿ ಮ್ಯಾಲೆ ಒತ್ತಿದ. ಬೆಂಡಿಕಾಯಿ ಅಡ್ಡ ಕೊಯ್ದು ಒತ್ತಿದ, ಹೂವು ಬಿತ್ತು. ಅಂಗೈ ಒತ್ತಿದ. ಎರಡು ಚಕ್ಕರ ಒಂದರ ಮ್ಯಾಲೊಂದು ಬಿದ್ದು ಎತ್ತಿನ ಬೆನ್ನು ಕಂಡಂಗಾತು. ಪ್ಯಾಸ್ಟಲ್ ಕಡ್ಡಿ ತಗೊಂಡು ಹಳದಿ ತಿಕ್ಕಿದ, ಅದರ ಮ್ಯಾಲೆ ನೀಲಿ ತಿಕ್ಕಿ ಹೆಬ್ಬೆರಳಿಲೆ ಒರಸಿದ. ಎತ್ತಿನ ಕಾಲ ಕೆಳಗ ಹಸರು ಗದ್ದಿ ಎದ್ದಿತು. ಉಣ್ಣೋದು ಮರತ, ಒಬ್ಬನಽ ನಗಾಕತ್ತಿದ. ಎಲ್ಲಾ ಮುಗದ ಮ್ಯಾಲೆ ನೋಡಿ, "ಥೂ, ಎಂಥಾ ಹೊಲಸು!" ಅಂದ. ಮನಸು ಮಾತ್ರ ಯಾಕೋ ಹಗುರಾಗಿತ್ತು.

ಒಯ್ಯೋರು ಬಂದಾಗ ತನ್ನ ಹೆಸರಿಲೆ ಹೋದ ವರ್ಷದ್ದಽ ಸೂರ್ಯೋದಯ ಕೊಟ್ಟ. ಎತ್ತಿನ ಹಾಳಿ ಕೆಳಗ 'ಬಸ್ಸಮ್ಮ, ಮಸ್ಕಿ' ಅಂತ ಬರದು ಅದನ್ನೂ ಕೊಟ್ಟ. ತೀರ್ಪು ಕೊಡೋ ಆ ಕತ್ತೆಗಳು ಇದನ್ನ ಹೊಗಳಲಿ, ನಾ ಎದ್ದು ನಿಂತು ಎಲ್ಲಾರ ಮುಂದ ಅವರ ಮಾನ ಕಳೀತೀನಿ ಅಂತ ಅವನ ಲೆಕ್ಕ.

ಪ್ರದರ್ಶನದ ದಿನ ಕತ್ತೆಗಳು ಹೊಗಳಿದ್ವು. ಲಿಂಗಸುಗೂರಿಂದ ಬಂದಿದ್ದ ತೀರ್ಪುಗಾರ ಎತ್ತಿನ ಚಿತ್ರ ಎತ್ತಿ ಹಿಡದು, "ಇದರಾಗ ಜೀವ ಐತಿ. ಇದನ್ನ ಮಾಡಿದ ಕೈ ಎಲ್ಲೂ ಅಂಜಿಲ್ಲ" ಅಂದ. ಇಷ್ಟು ವರ್ಷ ಕಾದಿದ್ದ ಮಾತು! ಗ್ಯಾನಪ್ಪಗ ಮಾನ ಕಳಿಯೋದೆಲ್ಲ ಮರತುಹೋತು, ಕಣ್ಣಾಗ ನೀರು ಬಂತು. ಅಷ್ಟರಾಗ ಬಸ್ಸಮ್ಮನ ಹೆಸರು ಕೂಗಿದ್ರು.

ಓಣಿ ಮಂದಿ ಕೂಡ ಟ್ರ್ಯಾಕ್ಟರ್ ಹತ್ತಿ ಪ್ರದರ್ಶನ ನೋಡಾಕ ಬಂದಿದ್ದ ಬಸ್ಸಮ್ಮ ಗಾಬರಿಯಾಗಿ ವೇದಿಕೆ ಏರಿದ್ಲು. ಶಾಲು ಹೊದಿಸಿದ್ರು.

"ನಾ ಎತ್ತಿಗೆ ಒತ್ತಿದ್ದು ಖರೆರಿ, ಹಾಳಿಗೆ ಒತ್ತಿಲ್ಲರಿ. ನಮ್ಮ ಮಾಸ್ತರು ಮಾಡಿರಬೇಕ್ರಿ" ಅಂದ್ಲು.

"ಎಂಥಾ ವಿನಯ!" ಅಂತ ಮಂದಿ ಚಪ್ಪಾಳಿ ತಟ್ಟಿದ್ರು.

"ಅದು ನಂದು!" ಗ್ಯಾನಪ್ಪ ಎದ್ದು ಚೀರಿದ. "ಚ್ಯಾಷ್ಟಿಗೆ ಆಕಿ ಹೆಸರು ಬರದೀನಿ. ಚಿತ್ರ ನಂದು!"

ತೀರ್ಪುಗಾರ ಅವನ್ನ ಮ್ಯಾಲಿಂದ ಕೆಳಗಿನತನಕ ನೋಡಿದ. "ಮಾಸ್ತರ, ನಿಮ್ಮದು ಅಲ್ಲಿ ಮೂಲ್ಯಾಗ ಐತಿ ನೋಡ್ರಿ, ಅದಽ ಹಳೇ ಸೂರ್ಯ. ಕೂಲಿ ಮಾಡೋ ಹೆಣ್ಣುಮಗಳ ಪಾಲಿಗೂ ಬಾಯಿ ಹಾಕ್ತೀರೇನು? ನಾಚಿಕಿ ಆಗಬೇಕು." ಮಂದಿ ಘೊಳ್ಳಂತ ನಕ್ಕರು.

ಬಸ್ಸಮ್ಮ ಕೆಳಗಿಳದು ಸೀದಾ ಅವನ ಹತ್ತರ ಬಂದ್ಲು. ಹೆಗಲ ಮ್ಯಾಲಿನ ಶಾಲು ತಗದು ಮುಂದ ಹಿಡದ್ಲು. "ನಿಮ್ಮದಽ ಐತಿ, ತಗೊಳ್ರಿ. ಇವರಿಗೇನು ಗೊತ್ತು."

ಅಷ್ಟು ಮಂದ್ಯಾಗ ಅವನ ಮಾತು ನಂಬಿದಾಕಿ ಆಕಿ ಒಬ್ಬಾಕಿನಽ. ಎಲ್ಲಾರೂ ನೋಡಾಕತ್ತಿದ್ರು. ಅಂಗಳ ಸಾರಿಸೋ ಕೈಯಿಂದ ಶಾಲು ಇಸಗೊಳ್ಳಾಕ ಗ್ಯಾನಪ್ಪಗ ಕೈ ಏಳಲಿಲ್ಲ.

"ನೀನಽ ಇಟ್ಕೋ ಹೋಗಬೇ" ಅಂದ.