ಬೋರ್ಡಿಗೆ ಕಟ್ಟಿದ ಕದಿರು

ಬೀರಿಯಂಥ ಹಟಮಾರಿ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಂಕೋಲೆಯ ಆಚೆ ಕರಿಗದ್ದೆ ರೈಲು ಹಾಲ್ಟಿನಲ್ಲಿ ಕಮಿಷನ್ ಮೇಲೆ ಟಿಕೆಟ್ ಕೊಡುತ್ತಿದ್ದವಳು ನಾನು, ಕಲಾವತಿ. ಅಲ್ಲಿಂದ ತರಕಾರಿ ಬುಟ್ಟಿಯೊಂದಿಗೆ ಕಾರವಾರಕ್ಕೆ ಹೋಗುತ್ತಿದ್ದವಳು ಅವಳು. ಸ್ಟೇಷನ್ ಎಂದರೆ ಮಹಾ ಏನು? ಒಂದು ತಗಡಿನ ಮಾಡು, ನನ್ನ ಕಿಟಕಿ, ಊರ ಹೆಸರಿನ ಹಳದಿ ಬೋರ್ಡು, ಅಷ್ಟೇ.

ಹಾಲ್ಟ್ ಆಗುವ ಮೊದಲು ಬೀರಿ ಬಾಳೆಗುಳಿಯವರೆಗೆ ಬುಟ್ಟಿ ಹೊತ್ತು ನಡೆದು ಬಸ್ಸಿಗೆ ಕೈ ತೋರುತ್ತಿದ್ದಳು. ಬುಟ್ಟಿ ಕಂಡರೆ ಬಸ್ಸು ನಿಲ್ಲುತ್ತಿರಲಿಲ್ಲ. ಹಾಲ್ಟ್ ಆದಮೇಲೆ ರೈಲು ನಿಂತಿತು. ಮೊದಲ ದಿನ ತನ್ನ ಟಿಕೆಟ್ ಪಡೆದವಳು ಕಿಟಕಿ ಬಿಡಲೇ ಇಲ್ಲ.

“ಬುಟ್ಟಿಗೂ ಒಂದು ಕೊಡು ತಂಗಿ.”

“ಬುಟ್ಟಿಗೆ ಬೇಡ ಮಾರಾಯ್ತಿ!”

“ಅದೂ ಕೂತ್ಕಂಡೇ ಬತ್ತದಲೆ? ಪುಕ್ಕಟೆ ಎಂತಕ್ಕೆ?”

ಹೊಸ್ತಿನ ಹಬ್ಬದಲ್ಲಿ ಹೊಸ ಭತ್ತದ ಕದಿರನ್ನು ಬಾಗಿಲು, ಒರಳು, ನೊಗ, ಹೀಗೆ ಮನೆಗೆ ಅನ್ನ ಕೊಟ್ಟ ಎಲ್ಲದಕ್ಕೂ ಕಟ್ಟುವುದು ನಮ್ಮ ಕಡೆಯ ರೂಢಿ. ಬೀರಿ ಸ್ಟೇಷನ್ ಬೋರ್ಡಿನ ಕಂಬಕ್ಕೂ ಕಟ್ಟಿದಳು. ಹಳೆಯದನ್ನು ಬಿಚ್ಚದೆ ಪ್ರತಿವರ್ಷ ಅದರ ಮೇಲೆ ಹೊಸದು.

ಕೊರೊನಾ ಬಂದಾಗ ಗಾಡಿ ನಿಂತಿತು. ಮತ್ತೆ ಓಡತೊಡಗಿದರೂ ಕರಿಗದ್ದೆಯಲ್ಲಿ ನಿಲ್ಲಲಿಲ್ಲ. ಹಾಲ್ಟ್ ಮುಚ್ಚಿತು, ನನ್ನ ಕೆಲಸವೂ ಹೋಯಿತು. ಬೀರಿ ಮಾತ್ರ ಕದಿರು ಕಟ್ಟುವುದು ಬಿಡಲಿಲ್ಲ. “ಬೋರ್ಡ್ ಅದೆ ಅಂದ್ರೆ ಊರು ಅದೆ. ಒಂದಿನ ನಿಲ್ಲತದೆ ನೋಡು” ಎನ್ನುತ್ತಿದ್ದಳು. ಹುಚ್ಚಿ ಎಂದು ನಗುತ್ತಿದ್ದೆ. ಆದರೆ ಆ ಬೋರ್ಡು ಉಳಿಯಲಿ ಎಂದು ನನಗೂ ಒಳಗೊಳಗೇ ಆಸೆ.

ಈ ಮಳೆಗಾಲಕ್ಕೆ ಮುಂಚೆ ಅದನ್ನು ಕಿತ್ತೊಯ್ಯಲು ಕಂತ್ರಾಟುದಾರನ ಆಳುಗಳು ಬಂದರು. ಸುದ್ದಿ ಕೇಳಿ ನಾನೂ ಬೀರಿಯೂ ಅಲ್ಲಿಗೆ ಓಡಿದೆವು. ಅವರ ಮುಂದಾಳು ಬೈತಖೋಲದ ಸೋಮು. ಕಂಬದ ತುಂಬ ಒಣಗಿದ ಕದಿರು ಕಂಡವನೇ ಚಪ್ಪಲಿ ಕಳಚಿದ.

“ಯಾವ ದೇವರ ಜಾಗವೋ ಏನೋ! ನಾ ಮುಟ್ಟೂದಿಲ್ಲಪ್ಪ.” ಕೈಮುಗಿದೇಬಿಟ್ಟ.

ನನಗೆ ಒಳಗೇ ಹಬ್ಬ! ಸುಮ್ಮನಿರು ಎಂದು ಬೀರಿಗೆ ಕಣ್ಣು ಹೊಡೆದೆ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಬೋರ್ಡು ಉಳಿಯುತ್ತಿತ್ತು. ಇವಳು ಮುಚ್ಚಿಯಾಳೇ?

“ದೇವ್ರಲ್ಲ ತಮಾ! ಒರಳಿಗೂ ಕಟ್ತೆ, ಒರಳೇನು ದೇವ್ರಾ? ಇದು ನಂಗೆ ಅನ್ನ ಹಾಕದ್ದು, ಅದ್ಕೆ ಕಟ್ಟದೆ. ಇಲ್ಲದ ದೇವ್ರ ಹೆಸರು ಹೇಳಿ ನಿನ್ನ ಕೆಲ್ಸ ಕಳೂಕೆ ನಂಗೆ ಮನ್ಸಿಲ್ಲ.”

ಹಣೆ ಚಚ್ಚಿಕೊಂಡೆ. ಸೋಮು ಪಾಪ, ಮತ್ತೆ ಚಪ್ಪಲಿ ಮೆಟ್ಟಿಕೊಂಡ. ಕದಿರುಗಳನ್ನು ಅವಳೇ ಬಿಚ್ಚಿಕೊಂಡ ಮೇಲೆ ಕಂಬ ಕತ್ತರಿಸಿದ. ಬೀರಿ ಅದರ ಕಡೆ ನೋಡದೆ ಮನೆಗೆ ನಡೆದಳು. ಬೋರ್ಡು ಹೋದ ಸಿಟ್ಟಿಗೆ ನಾನು ಅವಳನ್ನು ಮಾತಾಡಿಸುವುದೇ ಬಿಟ್ಟೆ.

ಮೊನ್ನೆ ಹೊಸ್ತಿನ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಬೀರಿ, ಕೈಯಲ್ಲಿ ಹಸಿ ಕದಿರು.

“ಈಗ ಎಲ್ಲಿಗೆ ಕಟ್ತೆ? ಬಾಯಿ ಬಿಟ್ಟು ಬೋರ್ಡು ಕಳಕೊಂಡ್ಯಲ್ಲ!” ಎಂದು ರೇಗಿದೆ.

ಅವಳು ನನ್ನ ಬಲಗೈ ಎಳೆದು ಮಣಿಕಟ್ಟಿಗೆ ಕದಿರು ಸುತ್ತಿ ಗಂಟು ಹಾಕಿದಳು.

“ಟಿಕೆಟ್ ಕೊಟ್ಟದ್ದು ಈ ಕೈಯೇ ಅಲ್ದಾ?”

ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಅವಳಿಗೆ ಬೈದೆ. ಒಳಗೆ ಕರೆದು ಕೂರಿಸಿ, ಕದಿರು ನೆನೆಯಬಾರದೆಂದು ಎಡಗೈಯಲ್ಲೇ ಚಹಾಕ್ಕೆ ನೀರಿಟ್ಟೆ.