ಕೌದಿ ಹೊದ್ದ ಕಂಪ್ಯೂಟರು

ಆ ದಿನ ಕರೆಂಟು ಹೋಗಬಹುದಿತ್ತು. ಹಳೆಯ ಕ್ಯಾಸೆಟ್ಟಿನ ಟೇಪು ಅರ್ಧಕ್ಕೇ ಕಡಿಯಬಹುದಿತ್ತು. ಓಣಿಯ ಹಿಟ್ಟಿನ ಗಿರಣಿ ಶುರುವಾಗಬಹುದಿತ್ತು, ಕುಕ್ಕರು ಸೀಟಿ ಹೊಡೆಯಬಹುದಿತ್ತು, ಯಲ್ಲಮ್ಮನ ಗುಡ್ಡಕ್ಕೆ ಹೊರಟ ಯಾವುದೋ ಟ್ರ್ಯಾಕ್ಟರು ನಮ್ಮ ಬಾಗಿಲಲ್ಲೇ ಹಾರ್ನು ಬಾರಿಸಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಕಂಪ್ಯೂಟರು ಕಾದು ಕೆಂಡವಾಗಿ ಆರಿಹೋಗಬಹುದಿತ್ತು. ಇವನ್ನೆಲ್ಲ ಮುಂಚಿತವಾಗಿಯೇ ಚಿಂತಿಸಿ ಮುಗಿಸಿದ್ದೆ; ಚಿಂತೆಯ ವಿಷಯದಲ್ಲಿ ನಾನು ಕೆಲಸ ಬಾಕಿ ಇಟ್ಟುಕೊಳ್ಳುವವನಲ್ಲ. ಒಂದೂ ನಡೆಯಲಿಲ್ಲ. ನಡೆದದ್ದು ನನ್ನ ಪಟ್ಟಿಯಲ್ಲೇ ಇರದ ಒಂದು ಸಣ್ಣ ಸಂಗತಿ.

ಮೊನ್ನೆ ಆ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದಾಗ ಹೊಲಿಗೆ ಯಂತ್ರದ ಎಣ್ಣೆ, ಕಾದ ಧೂಳು, ಅರಿಶಿನ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಕಾಕಾ ನೆನಪಾದರು.

ಕಾಕಾ ನನ್ನ ರಕ್ತಸಂಬಂಧಿಯಲ್ಲ. ಸವದತ್ತಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ್ದ ಮನೆಯವರು. ನವಿಲುತೀರ್ಥದ ಅಣೆಕಟ್ಟಿನ ಕಡೆ ನೀರೆತ್ತುವ ಪಂಪುಗಳ ನಡುವೆ ವಯಸ್ಸು ಕಳೆದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಒಳಗಿನ ಬೇರಿಂಗಿನ ಯೋಗಕ್ಷೇಮ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಓಣಿಯ ಮಿಕ್ಸರು, ಫ್ರಿಜ್ಜುಗಳಿಗೇ ಕಿವಿಗೊಡುತ್ತಿದ್ದರು.

ಅವರ ಹೆಂಡತಿ, ನಮ್ಮ ಪಾಲಿನ ಕಾಕೂ, ತೀರಿಕೊಂಡು ಒಂದು ವರ್ಷವಾಗಿರಬೇಕು... ಒಂದು ಮಧ್ಯಾಹ್ನ ಕಾಕಾ ಕ್ಯಾಸೆಟ್ಟೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ರಾಮದುರ್ಗದ ತವರಿನಲ್ಲಿ ಯಾವುದೋ ಕೂಸಿಗೆ ಹೆಸರಿಟ್ಟ ದಿನ ಕಾಕೂ ಹಾಡಿದ, ಕಾಕಾ ತಾವೇ ಟೇಪು ಮಾಡಿಕೊಂಡ ತೊಟ್ಟಿಲ ಹಾಡುಗಳು ಅದರಲ್ಲಿದ್ದವು.

"ಹಾಡು ಎಲ್ಲಾರೂ ಹಾಡತಾರೋ ತಮ್ಮಾ," ಅಂದರು. "ಕಡೀಕ ಅಕಿ ನನಗ ಬೈದಿದ್ದು ಐತಿ. ನನಗ ಅದು ಬೇಕಾಗೇತಿ."

ಟೇಪು ಕಂದು ಪುಡಿ ಉದುರಿಸುತ್ತಿತ್ತು. ಒಮ್ಮೆ ಓಡಿದರೆ ಪುಣ್ಯ, ಎರಡನೆಯ ಸಲಕ್ಕೆ ಖಾತ್ರಿಯಿಲ್ಲ ಎಂದು ಅವರೇ ಹೇಳಿದರು. ಟೇಪ್‌ರೆಕಾರ್ಡರಿನ ಮುಂದೆ ಮೈಕು ಇಟ್ಟು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ನನ್ನ ಕೆಲಸ. ಮನೆಯಲ್ಲಿ ಟೈಪಿಂಗ್ ಮಾಡಿ ಬದುಕುವ ನನಗೆ ಅದಕ್ಕಿಂತ ಹೆಚ್ಚಿನ ವಿದ್ಯೆ ಇರಲಿಲ್ಲ.

ಆದರೆ ಕಂಪ್ಯೂಟರಿನ ಫ್ಯಾನು ಹೇಗೆ ಮೊರೆಯುತ್ತಿತ್ತೆಂದರೆ, ಮೈಕಿಗೆ ಮೊದಲು ಕೇಳುತ್ತಿದ್ದುದೇ ಅದು. ನಾನು ಬುದ್ಧಿ ಓಡಿಸಿದೆ. ಅವ್ವ ಹೊಲಿದ ದಪ್ಪ ಕೌದಿ ತಂದು ಕಂಪ್ಯೂಟರಿಗೆ ನಾಲ್ಕೂ ಕಡೆ ಹೊದಿಸಿದೆ. ಸದ್ದು ಅಡಗಿತು. ಬೇರೆ ಕ್ಯಾಸೆಟ್ಟು ಹಾಕಿ ಪರೀಕ್ಷೆ ನಡೆಸುತ್ತ ಹೆಮ್ಮೆಯಿಂದ ಚಹಾ ಕುಡಿದೆ. ಹತ್ತು ನಿಮಿಷಕ್ಕೆ ಕಂಪ್ಯೂಟರೇ ಅಡಗಿತು.

ಕಾಕಾ ಕೌದಿಯೊಳಗೆ ಕೈಯಿಟ್ಟು ಸರಕ್ಕನೆ ಹಿಂತೆಗೆದರು. "ಜ್ವರ ಬಂದದ್ದಕ್ಕ ಕೌದಿ ಹೊಚ್ಚಿಯಲ್ಲೋ! ಉಸರ ಹೆಂಗ ಆಡಬೇಕು ಅದು?"

"ಸದ್ದು ಬರತಿತ್ತಲ್ರಿ ಕಾಕಾ..."

"ಯಾಕ ಸದ್ದು ಮಾಡತೇತಿ ಅಂತ ಅದನ್ನ ಕೇಳಿಯೇನು?"

ಸ್ಕ್ರೂಡ್ರೈವರು ಹಚ್ಚಿ ಬಹಳ ಹೊತ್ತು ಕೇಳಿದರು. ನಾನು ಉಗುರು ಕಚ್ಚುತ್ತ ನಿಂತೆ. ತಗಡು ಬಿಚ್ಚಿದರೆ ಫ್ಯಾನಿನ ರೆಕ್ಕೆಗಳೂ ಅದರ ಕೆಳಗಿನ ಅಲ್ಯುಮಿನಿಯಂ ಹಲ್ಲುಗಳೂ ಹಳದಿ! ಪ್ರತಿ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ, ಹೊಟ್ಟೆಪಾಡಿನ ಯಂತ್ರವೆಂದು, ಅದರ ಮೇಲೆ ಭಂಡಾರ ಹಾರಿಸುತ್ತಿದ್ದೆವು. ಯಲ್ಲಮ್ಮನ ಅರಿಶಿನ ಪುಡಿ. ಪೂಜೆಯ ಹೊತ್ತಿಗೆ ಯಂತ್ರ ಚಾಲೂ ಇರಲೇಬೇಕೆಂದು ಹಟ ಹಿಡಿಯುತ್ತಿದ್ದವನು ನಾನೇ. ಬಂದ್ ಇಟ್ಟು ಪೂಜಿಸಿದರೆ ವರ್ಷವೆಲ್ಲ ಬಂದ್ ಬಿದ್ದೀತೆಂಬ ಭಯ. ಫ್ಯಾನು ಅಷ್ಟನ್ನೂ ಭಕ್ತಿಯಿಂದ ಒಳಗೆಳೆದುಕೊಂಡಿತ್ತು.

"ಇನ್ನ ಗುಡ್ಡಕ್ಕ ಯಾಕ ಹೋಗೋದು? ಇಲ್ಲೇ ಉಧೋ ಉಧೋ ಅನ್ನೂಣು ಬಾ," ಎಂದರು ಕಾಕಾ.

ಸೈಕಲ್ ಪಂಪಿನಿಂದ ಊದಿ, ಹಳೆಯ ಬ್ರಷ್ಷಿನಿಂದ ಬಿಡಿಸಿ, ಫ್ಯಾನಿನ ನಡುವೆ ಹೊಲಿಗೆ ಎಣ್ಣೆಯ ಒಂದೇ ಹನಿ ಬಿಟ್ಟರು. ಇನ್ನೊಂದು ಹನಿಗೆ ನಾನು ಗೋಗರೆದರೂ ಬಿಡಲಿಲ್ಲ. ಎರಡು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಬೆನ್ನನ್ನು ಕಿಟಕಿಯತ್ತ ತಿರುಗಿಸಿದರು. ಮೊರೆತ ಹೋಗಿ ಬರೀ ಉಸಿರು ಉಳಿಯಿತು.

ಮರುದಿನ ಬೆಳಿಗ್ಗೆ ಗಿರಣಿಯವರಿಗೆ ಕೈಮುಗಿದು ಬಂದೆ. ತಲೆಯ ಮೇಲಿನ ಫ್ಯಾನು, ಫ್ರಿಜ್ಜು, ಗಡಿಯಾರ ಎಲ್ಲ ಬಂದ್ ಮಾಡಿದೆ.

"ರೀ, ನಾ ಉಸರಾಡಬಹುದೋ ಇಲ್ಲೋ?" ಎಂದಳು ಹೆಂಡತಿ. ಹಗೂರಕ ಆಡು ಎಂದೆ.

ಕಾಕೂ ಹಾಡತೊಡಗಿದರು. ಕಾಕಾನ ಒಂದು ಕಿವಿ ಸ್ಕ್ರೂಡ್ರೈವರಿನಲ್ಲಿ, ಇನ್ನೊಂದು ಹಾಡಿನಲ್ಲಿ. ನನ್ನ ಅಂಗೈ ತಗಡಿನ ಮೇಲೆ. ಹತ್ತು ನಿಮಿಷ... ಇಪ್ಪತ್ತು... ತಗಡು ಬೆಚ್ಚಗಾಗುತ್ತಿತ್ತೋ, ನನ್ನ ಕೈಯೇ ಬೆವರುತ್ತಿತ್ತೋ. ಹಾಡು ಮುಗಿದು, ಹೆಂಗಸರ ನಗುವಿನ ನಡುವಿನಿಂದ ಆ ದನಿ ಎದ್ದು ಬಂತು.

"ಏನ್ರಿ, ಸಾಕ ಮಾಡ್ರಿ ಆ ಟೇಪು! ಎಲ್ಲಾರದೂ ಊಟ ಆತು, ನೀವೊಬ್ಬರ..."

ನನಗೆ ತಡೆಯಲಾಗಲಿಲ್ಲ. "ಬಿಸಿ ಆಗೇತೇನ್ರಿ ಕಾಕಾ?" ಎಂದುಬಿಟ್ಟೆ.

"ಶ್ಶ್... ಸುಮ್ನಿರೋ!"

ಟಕ್ಕೆಂದು ಕ್ಯಾಸೆಟ್ಟು ನಿಂತಿತು. ಕಂಪ್ಯೂಟರು ತಣ್ಣಗೇ ಇತ್ತು. ಕಂಪ್ಯೂಟರಿಗೆ ಇಳಿದದ್ದನ್ನು ತಿರುಗಿ ಕೇಳಿದರೆ "ನೀವೊಬ್ಬರ" ಆದ ಮೇಲಿನ ಮಾತು ನನ್ನ ಪ್ರಶ್ನೆಯ ಕೆಳಗೆ ಹೂತುಹೋಗಿತ್ತು.

ಕ್ಯಾಸೆಟ್ಟನ್ನೇ ಇನ್ನೊಮ್ಮೆ ಹಚ್ಚೋಣವೆಂದೆ. ಕಾಕಾ ಟೇಪ್‌ರೆಕಾರ್ಡರಿನಲ್ಲಿ ಬಿದ್ದಿದ್ದ ಕಂದು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. "ಬ್ಯಾಡ," ಎಂದರು. ಬೆರಳನ್ನು ಟವೆಲಿಗೆ ಒರೆಸಿಕೊಂಡು, "ಇಷ್ಟ ವರ್ಷದಾಗ ಅಕಿ ಮಾತಿನ ನಡುವ ಬಾಯಿ ಹಾಕಿದಾಂವ ನೀ ಒಬ್ಬನ ನೋಡು," ಎಂದು ನಕ್ಕರು. ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಲು ಮಾತ್ರ ಬಹಳ ಹೊತ್ತು ಹಿಡಿಯಿತು. ಕಾಕೂ ಮುಂದೆ ಏನಂದಿದ್ದರೆಂದು ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ...

ಈಗ ಕಾಕಾನೂ ಇಲ್ಲ. ಅವರ ಫೋಟೋ ಇದೆ. ದನಿಯನ್ನು ಹಿಡಿದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಎಲ್ಲದರ ಬಗ್ಗೆಯೂ ಮುಂಚಿತವಾಗಿ ಚಿಂತಿಸುವ ನನಗೂ. ಮೊನ್ನೆ ಧೂಳು ಊದಿ, ಒಂದೇ ಹನಿ ಎಣ್ಣೆ ಬಿಟ್ಟು, ಇಟ್ಟಿಗೆಗಳ ಮೇಲೆ ನಿಲ್ಲಿಸಿ ಆ ರೆಕಾರ್ಡಿಂಗು ಹಚ್ಚಿದೆ. ತೊಟ್ಟಿಲ ಹಾಡು, ನಗು, ಕಾಕೂನ ಬೈಗುಳ, ನನ್ನ ಗಾಬರಿಯ ದನಿ. ಅದರ ಬೆನ್ನಿಗೇ ಕಾಕಾ:

"ಶ್ಶ್... ಸುಮ್ನಿರೋ!"

ಸುಮ್ಮನೆ ಕುಳಿತೆ.